ಹೊಸ ಸಂಪುಟದಲ್ಲಿ ಹವಾಮಾನದ ಫೈಲು ಯಾರ ಕೈಗೆ ಹೋಯಿತು? ಪತ್ತೆ ಹಚ್ಚುವುದು ಹೀಗೆ

ಹೊಸ ಸರ್ಕಾರ ಬಂದು ಮಂತ್ರಿಗಳ ಪಟ್ಟಿ ಹೊರಬಿದ್ದ ದಿನ ಎಲ್ಲರ ಕಣ್ಣು ಗೃಹ, ಹಣಕಾಸು, ವಿದೇಶಾಂಗ ಖಾತೆಗಳ ಮೇಲೆಯೇ ಇರುತ್ತದೆ. ಯಾರಿಗೆ ಸಿಕ್ಕಿತು, ಯಾರಿಗೆ ಕೈತಪ್ಪಿತು, ಯಾರು ಮುನಿಸಿಕೊಂಡರು ಅನ್ನುವುದೇ ದೊಡ್ಡ ಸುದ್ದಿ. ಇಂಧನ, ಪರಿಸರ, ಗಣಿಯಂಥ ಖಾತೆಗಳು ಪಟ್ಟಿಯ ಕೊನೆಯಲ್ಲಿ ಒಂದೊಂದು ಸಾಲಾಗಿ ಬಂದು ಹೋಗುತ್ತವೆ. ಆ ಸಾಲುಗಳನ್ನು ನಿಧಾನವಾಗಿ ಓದಬೇಕು ಅನ್ನುವುದು ನನ್ನ ಮಾತು. ಒಂದು ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟಿದರೆ ಅದು ಮೂವತ್ತು, ನಲವತ್ತು ವರ್ಷ ಉರಿಯುತ್ತದೆ. ಅದರಿಂದ ಹೊರಬಂದ ಇಂಗಾಲದ ಡೈಆಕ್ಸೈಡ್‌ನಲ್ಲಿ ಒಂದು ಪಾಲು ನೂರಾರು ವರ್ಷ ಗಾಳಿಯಲ್ಲೇ ಉಳಿಯುತ್ತದೆ. ಒಪ್ಪಿಗೆ ಕೊಟ್ಟ ಮಂತ್ರಿ ಮಾತ್ರ ನಾಲ್ಕೈದು ವರ್ಷದಲ್ಲಿ ಬೇರೆ ಖಾತೆಗೋ ಮನೆಗೋ ಹೋಗಿರುತ್ತಾರೆ.

ಹಾಗಾದರೆ ಒಂದು ಹೊಸ ಸಂಪುಟವನ್ನು ಹವಾಮಾನ ಮತ್ತು ಇಂಧನದ ದೃಷ್ಟಿಯಿಂದ ಓದುವುದು ಹೇಗೆ? ಇದಕ್ಕೆ ತಜ್ಞರೇ ಆಗಬೇಕಿಲ್ಲ. ಸರ್ಕಾರದ ವೆಬ್‌ಸೈಟ್‌ಗಳು ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಕೆಳಗಿನ ಉದಾಹರಣೆಗಳಲ್ಲಿ ಅಮೆರಿಕದವು ಜಾಸ್ತಿ ಇವೆ. ಅಲ್ಲಿ ನೇಮಕದ ಕೆಲಸ ಬಹುಪಾಲು ಜನರ ಕಣ್ಣೆದುರೇ ನಡೆಯುತ್ತದೆ, ದಾಖಲೆಗಳೂ ಸುಲಭವಾಗಿ ಸಿಗುತ್ತವೆ. ಆದರೆ ಇದೇ ಕ್ರಮವನ್ನು ಯಾವ ದೇಶಕ್ಕಾದರೂ ಬಳಸಬಹುದು.

ಹೆಜ್ಜೆ 1: ಖಾತೆಯ ಹೆಸರು ಪಕ್ಕಕ್ಕಿಡಿ, ಸಹಿ ಯಾರದು ಎಂದು ಬರೆದುಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಹೆಚ್ಚು ಸಮಯ ಇಲ್ಲೇ ಕೊಡಿ.

ಮಂತ್ರಿಗಳ ಹೆಸರಿನಿಂದ ಶುರು ಮಾಡಬೇಡಿ, ತೀರ್ಮಾನಗಳಿಂದ ಶುರು ಮಾಡಿ. ಹೊಸ ವಿದ್ಯುತ್ ಸ್ಥಾವರಕ್ಕೆ ಒಪ್ಪಿಗೆ ಯಾರದು? ಸರ್ಕಾರಿ ಜಮೀನಿನಲ್ಲಿ, ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯಲು ಗುತ್ತಿಗೆ ಕೊಡುವವರು ಯಾರು? ಚಿಮಣಿಯ ಹೊಗೆಗೆ ಮಿತಿ ಹಾಕುವವರು? ಕಾರು, ಲಾರಿಗಳ ಮೈಲೇಜ್ ನಿಯಮ ಬರೆಯುವವರು? ಸೌರ ಫಲಕದ ಆಮದು ಸುಂಕ, ಬ್ಯಾಟರಿಯ ತೆರಿಗೆ ರಿಯಾಯಿತಿ ಯಾರ ಮೇಜಿನ ಮೇಲಿದೆ? ಕಾಡು ಕಡಿಯಲು ಅನುಮತಿ? ದೂರದ ಗಾಳಿ ಗಿರಣಿಯಿಂದ ಊರಿಗೆ ತಂತಿ ಎಳೆಯುವ ಕೆಲಸ? ಒಂದೊಂದರ ಎದುರೂ ಆ ದೇಶದ ಯಾವ ಇಲಾಖೆ ಸಹಿ ಹಾಕುತ್ತದೆ ಎಂದು ಬರೆಯಿರಿ. ಮಂತ್ರಿಯ ಹೆಸರು ಆಮೇಲೆ.

ಹೀಗೆ ಬರೆದಾಗ ಎಷ್ಟೋ ಸಂಗತಿ ನೀವಂದುಕೊಂಡ ಹಾಗೆ ಇರುವುದಿಲ್ಲ. ಅಮೆರಿಕದ ಇಂಧನ ಇಲಾಖೆ ಎಂದ ಕೂಡಲೇ ಎಣ್ಣೆ, ಗ್ಯಾಸ್, ಕಲ್ಲಿದ್ದಲು ಎಲ್ಲ ಅದರ ಕೈಯಲ್ಲಿದೆ ಅನ್ನಿಸುತ್ತದೆ. 1977ರಲ್ಲಿ ಹುಟ್ಟಿದ ಆ ಇಲಾಖೆಯ ಬಜೆಟ್‌ನಲ್ಲಿ ದೊಡ್ಡ ಪಾಲು ಹೋಗುವುದು ಅಣ್ವಸ್ತ್ರಗಳ ಉಸ್ತುವಾರಿಗೆ ಮತ್ತು ಹಳೆಯ ಅಣು ತ್ಯಾಜ್ಯ ತೆಗೆಯುವುದಕ್ಕೆ. ಜೊತೆಗೆ 17 ರಾಷ್ಟ್ರೀಯ ಪ್ರಯೋಗಾಲಯಗಳು ಅದರ ಅಡಿಯಲ್ಲಿವೆ. 2011ರ ಚುನಾವಣಾ ಚರ್ಚೆಯಲ್ಲಿ, ಅಧ್ಯಕ್ಷ ಹುದ್ದೆಯ ಆಕಾಂಕ್ಷಿಯಾಗಿದ್ದ ರಿಕ್ ಪೆರಿ ತಾನು ಮುಚ್ಚಬೇಕೆಂದಿದ್ದ ಮೂರು ಇಲಾಖೆಗಳ ಪೈಕಿ ಮೂರನೆಯದರ ಹೆಸರನ್ನೇ ಮರೆತರು. ಅದು ಇಂಧನ ಇಲಾಖೆ. 2017ರಲ್ಲಿ ಅದೇ ಇಲಾಖೆಗೆ ಮುಖ್ಯಸ್ಥರಾಗಿ ಬಂದಾಗ, ಅದು ಮಾಡುವ ಕೆಲಸ ತಿಳಿದ ಮೇಲೆ ಮುಚ್ಚಬೇಕೆಂದಿದ್ದಕ್ಕೆ ವಿಷಾದವಿದೆ ಎಂದು ಸೆನೆಟ್ ಸಮಿತಿಯ ಮುಂದೆ ಹೇಳಿದರು.

ಹಾಗಾದರೆ ಉಳಿದದ್ದೆಲ್ಲ ಎಲ್ಲಿದೆ? ಎಣ್ಣೆ ಮತ್ತು ಗ್ಯಾಸ್ ಗುತ್ತಿಗೆ, ಸಮುದ್ರದ ಗಾಳಿ ವಿದ್ಯುತ್ತಿನ ಜಾಗ, ಇವೆರಡೂ ಆಂತರಿಕ ಇಲಾಖೆಯಲ್ಲಿವೆ. ಹೆಸರು ಕೇಳಿ ಪೊಲೀಸ್ ಖಾತೆ ಎಂದುಕೊಳ್ಳಬೇಡಿ. ದೇಶದ ನೆಲದ ಸುಮಾರು ಐದನೇ ಒಂದು ಪಾಲನ್ನು ನೋಡಿಕೊಳ್ಳುವ ಇಲಾಖೆ ಅದು. ಹಸಿರುಮನೆ ಅನಿಲಕ್ಕೆ ಮಿತಿ ಹಾಕುವುದು ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ. ವಾಹನಗಳ ಮೈಲೇಜ್ ನಿಯಮ ಸಾರಿಗೆ ಇಲಾಖೆಯದು. ಕಾಡಿನ ದೊಡ್ಡ ಭಾಗ ಕೃಷಿ ಇಲಾಖೆಯ ಅರಣ್ಯ ಸೇವೆಯ ಕೈಯಲ್ಲಿದೆ. 'ಇಂಧನ ಕಾರ್ಯದರ್ಶಿ ಯಾರು' (ಅಲ್ಲಿ ಮಂತ್ರಿಗೆ ಕಾರ್ಯದರ್ಶಿ ಎನ್ನುತ್ತಾರೆ) ಎಂದು ಮಾತ್ರ ಕೇಳಿದವರಿಗೆ ಇದರಲ್ಲಿ ಮುಕ್ಕಾಲು ಭಾಗ ಕಾಣುವುದೇ ಇಲ್ಲ.

ಭಾರತದಲ್ಲಿ ಇದು ಇನ್ನೂ ಚೂರುಚೂರು. ವಿದ್ಯುತ್, ನವೀಕರಿಸಬಹುದಾದ ಇಂಧನ, ಕಲ್ಲಿದ್ದಲು, ಪೆಟ್ರೋಲಿಯಂ ಒಂದೊಂದೂ ಬೇರೆ ಸಚಿವಾಲಯ. ಅಣು ಇಂಧನ ಪ್ರಧಾನಿಯವರ ಬಳಿಯೇ ಇರುವುದು ರೂಢಿ. ಹವಾಮಾನ ಬದಲಾವಣೆ ಎಂಬ ಮಾತು 2014ರಲ್ಲಿ ಪರಿಸರ ಮತ್ತು ಅರಣ್ಯ ಸಚಿವಾಲಯದ ಹೆಸರಿಗೆ ಸೇರಿತು. ಇದರ ಮೇಲೆ ವಿದ್ಯುತ್ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯದ ಇಂಧನ ಸಚಿವರು, ಎಸ್ಕಾಂಗಳು, ದರ ನಿಗದಿ ಮಾಡುವ ಆಯೋಗ ಎಲ್ಲರಿಗೂ ಒಂದೊಂದು ಹಿಡಿತ.

ಖಾತೆ ಚೂರಾದರೆ ಏನಾಗುತ್ತದೆ ಎಂಬುದಕ್ಕೆ ಒಂದೇ ಪ್ರಕರಣ ಸಾಕು. 2015ರ ಡಿಸೆಂಬರ್‌ನಲ್ಲಿ ಪರಿಸರ ಸಚಿವಾಲಯ ಕಲ್ಲಿದ್ದಲು ಸ್ಥಾವರಗಳ ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್ ಎಷ್ಟಿರಬಹುದು ಎಂದು ಮಿತಿ ಹಾಕಿತು. ಎರಡು ವರ್ಷದ ಗಡುವು ಕೊಟ್ಟಿತು. ಗಂಧಕ ತೆಗೆಯುವ ಎಫ್‌ಜಿಡಿ ಯಂತ್ರ ಹಾಕಿಸಬೇಕಾದ ಸ್ಥಾವರಗಳು ಇದ್ದದ್ದು ವಿದ್ಯುತ್ ಸಚಿವಾಲಯದ ಕಡೆ. ಅಲ್ಲಿಂದ ಕಾಲಾವಕಾಶದ ಬೇಡಿಕೆ ಬರುತ್ತಲೇ ಹೋಯಿತು. ಗಡುವು 2022ಕ್ಕೆ ಸರಿಯಿತು, ಮತ್ತೆ ಮುಂದಕ್ಕೆ ಸರಿಯಿತು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಆ ಯಂತ್ರ ಕಡ್ಡಾಯವೇ ಅಲ್ಲ ಎಂದಾಯಿತು. ನಿಯಮ ಬರೆಯುವುದು ಒಬ್ಬರು, ಜಾರಿ ಮಾಡಬೇಕಾದವರು ಇನ್ನೊಬ್ಬರು ಇದ್ದಾಗ ಯಾರ ಕೈ ಮೇಲಾಗುತ್ತದೆ ಎಂದು ನೇಮಕದ ದಿನವೇ ಅಂದಾಜು ಮಾಡಬೇಕು. ಹಾಗಾಗಿ ಪರಿಸರ ಮಂತ್ರಿಯ ಜೊತೆಗೆ ವಿದ್ಯುತ್ ಮಂತ್ರಿಯ ಹೆಸರನ್ನೂ ನೋಡಿ. ಪಕ್ಷದಲ್ಲಿ ಯಾರ ತೂಕ ಜಾಸ್ತಿ, ಯಾರ ಮಾತು ಸರ್ಕಾರದ ಮುಖ್ಯಸ್ಥರಿಗೆ ಮುಟ್ಟುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಹೆಜ್ಜೆ 2: ಖಾತೆಗಳನ್ನು ಹೇಗೆ ಕತ್ತರಿಸಿ ಜೋಡಿಸಿದ್ದಾರೆ ನೋಡಿ

ಖಾತೆ ಕೂಡಿಸುವುದು, ಒಡೆಯುವುದು ಸುಮ್ನೆ ಕಾಗದದ ಕೆಲಸ ಅನ್ನಿಸಬಹುದು. ಸರ್ಕಾರದ ಮನಸ್ಸು ಎತ್ತ ಇದೆ ಎಂಬುದು ಹಲವು ಸಲ ಇಲ್ಲಿಯೇ ಮೊದಲು ಕಾಣುತ್ತದೆ.

ಬ್ರಿಟನ್ನಿನಲ್ಲಿ 2008ರ ಅಕ್ಟೋಬರ್‌ನಲ್ಲಿ ಇಂಧನ ಮತ್ತು ಹವಾಮಾನ ಬದಲಾವಣೆ ಎಂಬ ಹೊಸ ಇಲಾಖೆ ಬಂತು. ಎಡ್ ಮಿಲಿಬ್ಯಾಂಡ್ ಮೊದಲ ಮಂತ್ರಿ. 2016ರ ಜುಲೈನಲ್ಲಿ ತೆರೇಸಾ ಮೇ ಪ್ರಧಾನಿಯಾದ ಕೂಡಲೇ ಆ ಇಲಾಖೆಯನ್ನು ಕೈಬಿಟ್ಟು ಕೆಲಸವನ್ನು ಉದ್ಯಮ ಇಲಾಖೆಗೆ ಸೇರಿಸಿದರು. ಹವಾಮಾನ ಎಂಬ ಹೆಸರು ಬಾಗಿಲ ಫಲಕದಿಂದಲೇ ಹೋಯಿತು. 2023ರಲ್ಲಿ ಇಂಧನ ಭದ್ರತೆ ಮತ್ತು ನೆಟ್ ಝೀರೋ (ಅಂದರೆ ನಿವ್ವಳ ಹೊರಸೂಸುವಿಕೆ ಸೊನ್ನೆ) ಎಂಬ ಇಲಾಖೆ ಮತ್ತೆ ಹುಟ್ಟಿತು. 2024ರಲ್ಲಿ ಮಿಲಿಬ್ಯಾಂಡ್ ಅದೇ ಕೆಲಸಕ್ಕೆ ಮರಳಿದರು. ಇಷ್ಟೆಲ್ಲ ಬದಲಾದರೂ ಬದಲಾಗದೆ ನಿಂತದ್ದು 2008ರ ಹವಾಮಾನ ಬದಲಾವಣೆ ಕಾಯ್ದೆ ಮತ್ತು ಅದರಡಿಯ ಸ್ವತಂತ್ರ ಸಮಿತಿ. ಇಲಾಖೆಯನ್ನು ಒಂದು ಬೆಳಗ್ಗೆ ಮುಚ್ಚಬಹುದು. ಕಾಯ್ದೆಯನ್ನು ತೆಗೆಯಲು ಸಂಸತ್ತಿಗೇ ಹೋಗಬೇಕು.

ಜರ್ಮನಿಯದು ಇನ್ನೊಂದು ಬಗೆ. 2021ರ ಡಿಸೆಂಬರ್‌ನಲ್ಲಿ ಆರ್ಥಿಕ ಖಾತೆ ಮತ್ತು ಹವಾಮಾನ ಖಾತೆ ಒಂದಾದವು. ಗ್ರೀನ್ ಪಕ್ಷದ ರಾಬರ್ಟ್ ಹಾಬೆಕ್ ಎರಡನ್ನೂ ಹಿಡಿದರು. ಅಲ್ಲಿಯವರೆಗೆ ಪರಿಸರ ಇಲಾಖೆ ಕೇಳುವುದು, ಆರ್ಥಿಕ ಇಲಾಖೆ ತಡೆಯುವುದು ಎಂದು ನಡೆಯುತ್ತಿದ್ದ ಜಗ್ಗಾಟ ಒಂದೇ ಮೇಜಿಗೆ ಬಂತು. ನವೀಕರಿಸಬಹುದಾದ ಇಂಧನ ಸಾರ್ವಜನಿಕ ಹಿತಕ್ಕೆ ಅತಿ ಮುಖ್ಯ ಎಂದು ಕಾನೂನಿನಲ್ಲೇ ಬರೆದರು. ಗಾಳಿ ವಿದ್ಯುತ್ತಿಗೆ ದೇಶದ ಶೇ 2ರಷ್ಟು ನೆಲ ಮೀಸಲಿಡಬೇಕು ಎಂಬ ಕಾನೂನೂ ಬಂತು. ನೆಲದ ಮೇಲಿನ ಗಾಳಿ ಗಿರಣಿಗಳಿಗೆ 2024ರಲ್ಲಿ ಸಿಕ್ಕ ಅನುಮತಿ ದಾಖಲೆ ಪ್ರಮಾಣದ್ದು. 2025ರ ಮೇ ತಿಂಗಳಲ್ಲಿ ಹೊಸ ಸರ್ಕಾರ ಬಂದಾಗ ಇಂಧನ ಆರ್ಥಿಕ ಖಾತೆಯಲ್ಲೇ ಉಳಿಯಿತು, ಹವಾಮಾನ ಪರಿಸರ ಖಾತೆಗೆ ವಾಪಸ್ ಹೋಯಿತು. ಹಳೆಯ ಜಗ್ಗಾಟಕ್ಕೆ ಮತ್ತೆ ಜಾಗವಾಯಿತು.

ಭಾರತದಲ್ಲಿ 2014ರಲ್ಲಿ ವಿದ್ಯುತ್, ಕಲ್ಲಿದ್ದಲು, ನವೀಕರಿಸಬಹುದಾದ ಇಂಧನ ಮೂರನ್ನೂ ಪೀಯೂಷ್ ಗೋಯಲ್ ಒಬ್ಬರಿಗೇ ಕೊಟ್ಟಿದ್ದರು. 2017ರಲ್ಲಿ ವಿದ್ಯುತ್ ಮತ್ತು ನವೀಕರಿಸಬಹುದಾದ ಇಂಧನ ಆರ್.ಕೆ. ಸಿಂಗ್ ಅವರಿಗೆ ಹೋದವು. 2024ರಲ್ಲಿ ಮೂರೂ ಬೇರೆ ಬೇರೆ ಮಂತ್ರಿಗಳ ಕೈ ಸೇರಿದವು. ಒಬ್ಬರ ಕೈಯಲ್ಲಿದ್ದರೆ ಸಮನ್ವಯ ಸುಲಭ, ಆದರೆ ಕಲ್ಲಿದ್ದಲಿನ ಒತ್ತಡ ಬಂದಾಗ ಸೌರದ ಕೆಲಸ ಹಿಂದೆ ಬೀಳುವ ಅಪಾಯವೂ ಇದೆ. ಬೇರೆ ಬೇರೆ ಇದ್ದರೆ ಸೌರಕ್ಕೆ ತನ್ನದೇ ವಕೀಲರು ಸಿಗುತ್ತಾರೆ, ಆದರೆ ಸೌರ ಸ್ಥಾವರ ಸಿದ್ಧವಾದ ಮೇಲೂ ಗ್ರಿಡ್ ತಂತಿ ಬರಲಿಲ್ಲ ಎಂಬ ದೂರು ಎರಡು ಸಚಿವಾಲಯಗಳ ನಡುವೆ ಓಡಾಡುತ್ತದೆ. ನನ್ನ ಮಟ್ಟಿಗೆ ಕೂಡಿಸಿದ್ದೇ ಮೇಲು. ಯಾಕೆಂದರೆ ತಡವಾದರೆ ಯಾರನ್ನು ಕೇಳಬೇಕು ಎಂಬುದಾದರೂ ಗೊತ್ತಿರುತ್ತದೆ.

ಹೆಜ್ಜೆ 3: ಹಣಕಾಸು ಮಂತ್ರಿಯನ್ನು ಹವಾಮಾನ ಮಂತ್ರಿ ಎಂದೇ ಓದಿ

ಹವಾಮಾನ ಖಾತೆಗೆ ಎಷ್ಟೇ ಒಳ್ಳೆಯವರು ಬಂದರೂ ಹಣ ಬಿಡುಗಡೆ ಮಾಡುವವರು ಬೇರೆ. ಜರ್ಮನಿಯ ಅದೇ ಸರ್ಕಾರದಲ್ಲಿ ಹಣಕಾಸು ಖಾತೆ ಕ್ರಿಸ್ಟಿಯನ್ ಲಿಂಡ್ನರ್ ಅವರದು. ಅವರ ಪಕ್ಷ ಸಾಲದ ಮಿತಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. 2023ರ ನವೆಂಬರ್‌ನಲ್ಲಿ ಸಂವಿಧಾನ ನ್ಯಾಯಾಲಯ ಹವಾಮಾನ ನಿಧಿಗೆ ತಿರುಗಿಸಿದ್ದ 6,000 ಕೋಟಿ ಯೂರೋ ಸಾಲದ ಅಧಿಕಾರ ಅಸಿಂಧು ಎಂದಿತು. ಆಮೇಲೆ ಒಂದು ವರ್ಷ ಸರ್ಕಾರದೊಳಗೆ ಹಣದ್ದೇ ಜಗಳ. 2024ರ ನವೆಂಬರ್‌ನಲ್ಲಿ ಲಿಂಡ್ನರ್ ಅವರನ್ನು ಕೈಬಿಟ್ಟರು, ಮೈತ್ರಿ ಮುರಿಯಿತು.

ಅಮೆರಿಕದಲ್ಲಿ 2022ರ ಇನ್‌ಫ್ಲೇಶನ್ ರಿಡಕ್ಷನ್ ಆಕ್ಟ್ ಎಂಬ ಕಾನೂನು ಹವಾಮಾನಕ್ಕೆ ಕೊಟ್ಟದ್ದರಲ್ಲಿ ಬಹುಪಾಲು ತೆರಿಗೆ ರಿಯಾಯಿತಿ ರೂಪದಲ್ಲಿತ್ತು. ಯಾವ ಕಾರಿಗೆ ಸಿಗುತ್ತದೆ, ಯಾವ ಹೈಡ್ರೋಜನ್ನನ್ನು ಸ್ವಚ್ಛ ಎನ್ನಬಹುದು ಎಂಬ ನಿಯಮ ಬರೆದದ್ದು ಖಜಾನೆ ಇಲಾಖೆ. ಕಾನೂನಿನ ಒಂದು ಸಾಲನ್ನು ಅವರು ಸಡಿಲವಾಗಿ ಓದುತ್ತಾರೋ ಬಿಗಿಯಾಗಿ ಓದುತ್ತಾರೋ ಅನ್ನುವುದರ ಮೇಲೆ ಕಾರ್ಖಾನೆಗಳು ನಿಂತವು.

ಕಾನೂನು ಇದ್ದು ಹಣ ಹೊರಡದೇ ಇರುವುದೂ ಉಂಟು. ಸ್ವಚ್ಛ ಇಂಧನದ ಕಂಪನಿಗಳಿಗೆ ಸಾಲದ ಖಾತರಿ ಕೊಡುವ ಅಧಿಕಾರವನ್ನು ಅಮೆರಿಕದ ಇಂಧನ ಇಲಾಖೆಗೆ 2005ರ ಕಾನೂನೇ ಕೊಟ್ಟಿತ್ತು. ಮೊದಲ ಖಾತರಿ ಹೊರಟದ್ದು 2009ರಲ್ಲಿ, ನೊಬೆಲ್ ಪಡೆದ ಭೌತವಿಜ್ಞಾನಿ ಸ್ಟೀವನ್ ಚೂ ಆ ಇಲಾಖೆಗೆ ಬಂದ ಮೇಲೆ. ಮೊದಲು 53.5 ಕೋಟಿ ಡಾಲರ್ ಸಾಲದ ಖಾತರಿ ಪಡೆದ ಸೊಲಿಂಡ್ರಾ ಎಂಬ ಸೌರ ಕಂಪನಿ 2011ರಲ್ಲಿ ದಿವಾಳಿಯಾಯಿತು. ವಾಹನಗಳಿಗೆಂದೇ ಇದ್ದ ಜೊತೆಯ ಯೋಜನೆಯಲ್ಲಿ 46.5 ಕೋಟಿ ಡಾಲರ್ ಸಾಲ ಪಡೆದ ಟೆಸ್ಲಾ 2013ರಲ್ಲೇ ಪೂರ್ತಿ ತೀರಿಸಿತು. ಇಂಥ ಸಾಲದ ಕಚೇರಿ ಇರುವ ಕಡೆ ಹೊಸ ಮಂತ್ರಿ ಅದನ್ನು ನಡೆಸುತ್ತಾರೋ ಬೀಗ ಹಾಕುತ್ತಾರೋ ಎಂದು ತಪ್ಪದೆ ನೋಡಿ.

ಹೆಜ್ಜೆ 4: ವ್ಯಕ್ತಿಯ ಹಿನ್ನೆಲೆ, ಆದರೆ ಹುಷಾರಾಗಿ

'ಎಣ್ಣೆ ಕಂಪನಿಯವರು', 'ಪರಿಸರ ಹೋರಾಟಗಾರರು' ಎಂಬ ಒಂದೇ ಪದದಲ್ಲಿ ಮುಗಿಸಬೇಡಿ. ನೋಡಬೇಕಾದ್ದು ಮೂರು: ಹಿಂದೆ ಅಧಿಕಾರದಲ್ಲಿದ್ದಾಗ ಏನು ತೀರ್ಮಾನ ಮಾಡಿದರು, ಯಾವ ಕೇಸು ಹಾಕಿದರು, ಹಣ ಎಲ್ಲಿದೆ.

2017ರಲ್ಲಿ ಇಪಿಎ ಮುಖ್ಯಸ್ಥರಾದ ಸ್ಕಾಟ್ ಪ್ರುಯಿಟ್ ಅದಕ್ಕೂ ಮೊದಲು ಒಕ್ಲಹೋಮಾದ ಅಟಾರ್ನಿ ಜನರಲ್. ಆಗ ಇದೇ ಇಪಿಎ ಮೇಲೆ ಹನ್ನೆರಡಕ್ಕೂ ಹೆಚ್ಚು ಕೇಸು ಹಾಕಿದ್ದರು. ಅವರು ಏನು ಮಾಡಲಿದ್ದಾರೆ ಎಂಬುದಕ್ಕೆ ಆ ಕೇಸುಗಳ ಪಟ್ಟಿಯೇ ಸಾಕಿತ್ತು. 2025ರಲ್ಲಿ ಇಂಧನ ಕಾರ್ಯದರ್ಶಿಯಾದ ಕ್ರಿಸ್ ರೈಟ್, ಬಂಡೆ ಸೀಳಿ ಎಣ್ಣೆ ಮತ್ತು ಗ್ಯಾಸ್ ತೆಗೆಯುವ ಕೆಲಸದ ಲಿಬರ್ಟಿ ಎನರ್ಜಿ ಕಂಪನಿಯ ಸ್ಥಾಪಕ. ಅವರ ವಿಚಾರವೂ ಗುಟ್ಟಿನದಾಗಿರಲಿಲ್ಲ. ನೇಮಕಕ್ಕೆ ಮೊದಲೇ ಬಹಿರಂಗವಾಗಿ ಹೇಳಿಕೊಂಡಿದ್ದರು.

ಆದರೆ ಹಿನ್ನೆಲೆ ಒಂದೇ ಭವಿಷ್ಯ ಹೇಳುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ವೊಪ್ಕೆ ಹೂಕ್‌ಸ್ಟ್ರಾ ಹಿಂದೊಮ್ಮೆ ಶೆಲ್ ಕಂಪನಿಯಲ್ಲಿದ್ದವರು. 2023ರಲ್ಲಿ ಅವರನ್ನು ಐರೋಪ್ಯ ಒಕ್ಕೂಟದ ಹವಾಮಾನ ಆಯುಕ್ತರೆಂದು ಹೆಸರಿಸಿದಾಗ ವಿರೋಧ ಬಂತು. ಐರೋಪ್ಯ ಸಂಸತ್ತಿನ ಸಮಿತಿ ಅವರನ್ನು ಬಿಗಿಯಾಗಿ ಪ್ರಶ್ನಿಸಿತು. 2040ರೊಳಗೆ ಹೊರಸೂಸುವಿಕೆಯನ್ನು ಕನಿಷ್ಠ ಶೇ 90 ಇಳಿಸುವ ಗುರಿಯ ಪರ ನಿಲ್ಲುತ್ತೇನೆ ಎಂಬ ಮಾತನ್ನು ಅವರಿಂದ ಪಡೆದೇ ಒಪ್ಪಿಗೆ ಕೊಟ್ಟಿತು. 2025ರ ಜುಲೈನಲ್ಲಿ ಐರೋಪ್ಯ ಆಯೋಗ ಮುಂದಿಟ್ಟ ಪ್ರಸ್ತಾವದಲ್ಲಿ, ಕೆಲವು ಸಡಿಲಿಕೆಗಳ ಜೊತೆಗಾದರೂ, ಶೇ 90ರ ಗುರಿಯೇ ಇತ್ತು. ಅವರ ಹಳೆಯ ಕೆಲಸಕ್ಕಿಂತ ಆ ಕೊಠಡಿಯಲ್ಲಿ ಕೊಟ್ಟ ಮಾತು ಹೆಚ್ಚು ಉಪಯೋಗಕ್ಕೆ ಬಂತು.

ಹಣದ ವಿಷಯಕ್ಕೆ ಆಸ್ತಿ ಘೋಷಣೆ ಓದಿ. ಅಮೆರಿಕದಲ್ಲಿ ಯಾವ ಷೇರು ಮಾರುತ್ತೇನೆ, ಯಾವ ಫೈಲಿನಿಂದ ದೂರ ಇರುತ್ತೇನೆ ಎಂದು ಬರೆದುಕೊಟ್ಟ ಪತ್ರ ಎಲ್ಲರಿಗೂ ಸಿಗುತ್ತದೆ. ಅಂಥ ಪತ್ರ ಸಿಗದ ಕಡೆ ಚುನಾವಣಾ ಅಫಿಡವಿಟ್ ಇದ್ದರೆ ಅದನ್ನು ನೋಡಿ.

ಹೆಜ್ಜೆ 5: ಪ್ರಶ್ನೋತ್ತರ ಇದ್ದರೆ ಪೂರ್ತಿ ಕೇಳಿ

ಅಮೆರಿಕದಲ್ಲಿ ಅಧ್ಯಕ್ಷರು ಹೆಸರಿಸಿದವರು ಸೆನೆಟ್ ಸಮಿತಿಯ ಮುಂದೆ ಕೂರಬೇಕು. ಇಂಧನ ಮತ್ತು ಆಂತರಿಕ ಇಲಾಖೆಗಳಿಗೆ ಒಂದು ಸಮಿತಿ, ಇಪಿಎಗೆ ಇನ್ನೊಂದು. ಆಮೇಲೆ ಇಡೀ ಸೆನೆಟ್ ಮತ ಹಾಕುತ್ತದೆ. 2013ರಿಂದ ಸರಳ ಬಹುಮತ ಸಾಕು. ಹಾಗಾಗಿ ಸೆನೆಟ್ ಅಧ್ಯಕ್ಷರ ಪಕ್ಷದ ಕೈಯಲ್ಲಿದ್ದರೆ ತಿರಸ್ಕಾರ ಅಪರೂಪ. ಹಾಗಾದರೆ ಕೇಳಿ ಏನು ಪ್ರಯೋಜನ? ಅಲ್ಲಿ ಹೇಳಿದ್ದು ದಾಖಲೆಯಾಗುತ್ತದೆ. ನಾಳೆ ನ್ಯಾಯಾಲಯದಲ್ಲಿ, ಬಜೆಟ್ ಚರ್ಚೆಯಲ್ಲಿ ಅದನ್ನು ಎದುರಿಗಿಡಬಹುದು.

'ಹವಾಮಾನ ಬದಲಾಗುತ್ತಿದೆ ಎಂದು ನಂಬುತ್ತೀರಾ' ಎಂಬ ಪ್ರಶ್ನೆಗೆ ಬರುವ ಉತ್ತರಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಈಗ ಬಹುತೇಕ ಎಲ್ಲರೂ ಹೌದು ಅನ್ನುತ್ತಾರೆ. ಇಂಥ ನಿಯಮ ಉಳಿಸುತ್ತೀರಾ, ಮಂಜೂರಾದ ಹಣ ತಡೆಯುವುದಿಲ್ಲ ತಾನೇ, ವಿಜ್ಞಾನಿಗಳ ವರದಿ ತಿದ್ದುವುದಿಲ್ಲ ತಾನೇ ಎಂಬ ಪ್ರಶ್ನೆಗಳ ಉತ್ತರದಲ್ಲಿ ಎಲ್ಲಿ ಜಾರಿಕೊಂಡರು ಎಂದು ಗುರುತು ಹಾಕಿ. ಆಮೇಲೆ ಬರುವ ಲಿಖಿತ ಉತ್ತರಗಳನ್ನೂ ಓದಿ. ಟಿವಿಯಲ್ಲಿ ಬಾರದ ವಿವರ ಅಲ್ಲಿರುತ್ತದೆ.

ಭಾರತ, ಬ್ರಿಟನ್ನಿನಂಥ ಸಂಸದೀಯ ಪದ್ಧತಿಯಲ್ಲಿ ಮಂತ್ರಿಗಳಿಗೆ ಈ ಪರೀಕ್ಷೆ ಇಲ್ಲ. ಅಲ್ಲಿ ಮೊದಲ ಅಧಿವೇಶನದ ಪ್ರಶ್ನೋತ್ತರ ಕಾಯಿರಿ. ಸಂಸತ್ತಿನ ಸ್ಥಾಯಿ ಸಮಿತಿ ಅನುದಾನ ಬೇಡಿಕೆಗಳ ಮೇಲೆ ಕೊಡುವ ವರದಿ ಇನ್ನೂ ಒಳ್ಳೆಯದು. ಕಳೆದ ವರ್ಷ ಕೊಟ್ಟ ಹಣದಲ್ಲಿ ಎಷ್ಟು ಖರ್ಚಾಗದೆ ಉಳಿಯಿತು ಎಂಬುದು ಅದರಲ್ಲಿರುತ್ತದೆ.

ಹೆಜ್ಜೆ 6: ಎರಡನೇ ಸಾಲಿನವರನ್ನು ಮರೆಯಬೇಡಿ

ಉಪಮಂತ್ರಿ, ಕಾರ್ಯದರ್ಶಿ, ಆಯೋಗದ ಅಧ್ಯಕ್ಷರು, ಅಂಕಿಅಂಶ ಸಂಸ್ಥೆಯ ನಿರ್ದೇಶಕರು. ಇವರ ನೇಮಕ ಒಳಪುಟದ ಸುದ್ದಿ. ಕೆಲವೊಮ್ಮೆ ಇವರೇ ಮಂತ್ರಿಗಿಂತ ಗಟ್ಟಿ.

2017ರ ಸೆಪ್ಟೆಂಬರ್‌ನಲ್ಲಿ ರಿಕ್ ಪೆರಿ ಒಂದು ಪ್ರಸ್ತಾವ ಕಳಿಸಿದರು. 90 ದಿನದ ಇಂಧನವನ್ನು ಸ್ಥಾವರದಲ್ಲೇ ದಾಸ್ತಾನು ಇಟ್ಟುಕೊಳ್ಳುವ ಘಟಕಗಳಿಗೆ, ಅಂದರೆ ಕಲ್ಲಿದ್ದಲು ಮತ್ತು ಅಣು ಸ್ಥಾವರಗಳಿಗೆ, ಹೆಚ್ಚಿನ ಹಣ ಸಿಗುವಂತೆ ಮಾಡುವುದು ಅದರ ಉದ್ದೇಶ. ತೀರ್ಮಾನ ಮಾಡಬೇಕಿದ್ದದ್ದು ಫೆಡರಲ್ ಇಂಧನ ನಿಯಂತ್ರಣ ಆಯೋಗ. ಐವರು ಸದಸ್ಯರಲ್ಲಿ ನಾಲ್ವರು, ಪೆರಿಯವರನ್ನು ನೇಮಿಸಿದ ಅಮೆರಿಕದ ಅಧ್ಯಕ್ಷರೇ ನೇಮಿಸಿದವರು. 2018ರ ಜನವರಿಯಲ್ಲಿ ಐವರೂ ಒಮ್ಮತದಿಂದ ಪ್ರಸ್ತಾವ ತಳ್ಳಿಹಾಕಿದರು. ಇಂಥ ಆಯೋಗಗಳಲ್ಲಿ ಯಾರ ಅವಧಿ ಯಾವಾಗ ಮುಗಿಯುತ್ತದೆ ಎಂಬ ತಾರೀಖು ಬರೆದಿಟ್ಟುಕೊಳ್ಳಿ.

ಬ್ರೆಜಿಲ್‌ನಲ್ಲಿ ಕಾಡು ಎಷ್ಟು ಹೋಯಿತು ಎಂದು ಉಪಗ್ರಹದಿಂದ ಅಳೆಯುವುದು ಇನ್ಪೆ ಎಂಬ ಬಾಹ್ಯಾಕಾಶ ಸಂಸ್ಥೆ. 2019ರ ಆಗಸ್ಟ್‌ನಲ್ಲಿ, ಕಾಡುನಾಶದ ಅಂಕಿಗಳ ಬಗ್ಗೆ ಅಧ್ಯಕ್ಷರ ಜೊತೆ ತಕರಾರಾದ ಮೇಲೆ, ಅದರ ನಿರ್ದೇಶಕ ರಿಕಾರ್ಡೊ ಗಲ್ವಾವ್ ಅವರನ್ನು ತೆಗೆದರು. ಅಳೆಯುವವರನ್ನೇ ತೆಗೆಯುವ ಸರ್ಕಾರ ಏನು ಮಾಡಲಿದೆ ಎಂಬುದಕ್ಕೆ ಬೇರೆ ಸೂಚನೆ ಬೇಕಿಲ್ಲ, ಅಲ್ವಾ?

ಹೆಜ್ಜೆ 7: ಮೊದಲ ನೂರು ದಿನ, ಚಿಕ್ಕ ಕಾಗದಗಳನ್ನು ಓದಿ

ದೊಡ್ಡ ಭಾಷಣಕ್ಕಿಂತ ಸುತ್ತೋಲೆ, ಅಡಿಟಿಪ್ಪಣಿ, ಒಳಗಿನ ಆದೇಶಗಳಲ್ಲಿ ಕೆಲಸ ನಡೆಯುತ್ತದೆ.

ಇಂಗ್ಲೆಂಡಿನಲ್ಲಿ 2015ರಿಂದ ನೆಲದ ಮೇಲೆ ಹೊಸ ಗಾಳಿ ಗಿರಣಿ ಕಟ್ಟುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ನಿಷೇಧ ಎಂಬ ಕಾನೂನು ಇರಲಿಲ್ಲ. ಯೋಜನಾ ನೀತಿಯ ದಾಖಲೆಯಲ್ಲಿ 57 ಮತ್ತು 58 ಎಂಬ ಎರಡು ಅಡಿಟಿಪ್ಪಣಿಗಳಿದ್ದವು. ಸ್ಥಳೀಯ ವಿರೋಧ ಒಂದಿಷ್ಟಿದ್ದರೂ ಅನುಮತಿ ಸಿಗದಂಥ ಷರತ್ತು ಅವುಗಳಲ್ಲಿತ್ತು. ಆ ದಾಖಲೆ ಇಂಧನ ಇಲಾಖೆಯದಲ್ಲ, ವಸತಿ ಇಲಾಖೆಯದು! 2024ರ ಜುಲೈ 8ರಂದು, ಸರ್ಕಾರ ಬಂದ ಕೆಲವೇ ದಿನಗಳಲ್ಲಿ, ಆ ಷರತ್ತು ತೆಗೆದಿದ್ದೇವೆ ಎಂದು ಘೋಷಿಸಿದ್ದು ಹಣಕಾಸು ಮಂತ್ರಿ ರೇಚಲ್ ರೀವ್ಸ್. ಅದೇ ವಾರ ಮಿಲಿಬ್ಯಾಂಡ್ ಮೂರು ದೊಡ್ಡ ಸೌರ ಯೋಜನೆಗಳಿಗೆ ಒಪ್ಪಿಗೆ ಕೊಟ್ಟರು. ಮೂರು ಇಲಾಖೆ ಒಂದೇ ದಿಕ್ಕಿಗೆ ಹೊರಟರೆ ಎಷ್ಟು ಬೇಗ ಕೆಲಸವಾಗುತ್ತದೆ ನೋಡಿ.

ಉಲ್ಟಾ ದಿಕ್ಕಿನಲ್ಲೂ ಇದು ಅಷ್ಟೇ ನಿಜ. 2025ರ ಜುಲೈನಲ್ಲಿ ಅಮೆರಿಕದ ಆಂತರಿಕ ಇಲಾಖೆ ಒಂದು ಒಳಪತ್ರ ಹೊರಡಿಸಿತು. ಗಾಳಿ ಮತ್ತು ಸೌರ ಯೋಜನೆಗಳ ಪ್ರತಿ ಸಣ್ಣ ತೀರ್ಮಾನವೂ ಕಾರ್ಯದರ್ಶಿಯ ಕಚೇರಿಗೆ ಬಂದೇ ಹೋಗಬೇಕು ಎಂದಿತು. ಕಾನೂನು ಒಂದಕ್ಷರವೂ ಬದಲಾಗಲಿಲ್ಲ. ಫೈಲು ಕೂರುವ ಜಾಗ ಬದಲಾಯಿತು, ಅಷ್ಟೇ.

ಹೊಸ ಕಾಗದ ಕಂಡಾಗಲೆಲ್ಲ ಇದನ್ನು ಮುಂದಿನವರು ಎಷ್ಟು ಸುಲಭವಾಗಿ ಅಳಿಸಬಹುದು ಎಂದು ಕೇಳಿಕೊಳ್ಳಿ. ಸುತ್ತೋಲೆಯನ್ನು ಒಂದೇ ದಿನದಲ್ಲಿ ಅಳಿಸಬಹುದು. ನಿಯಮಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು, ಮೇಲೆ ಕೋರ್ಟು. ಕಾಯ್ದೆಗೆ ಸಂಸತ್ತೇ ಬೇಕು. ಕಟ್ಟಿ ಮುಗಿದ ಗ್ರಿಡ್ ತಂತಿಯನ್ನು ಯಾರೂ ಕಿತ್ತುಹಾಕುವುದಿಲ್ಲ.

ಇಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲವೂ ಮಂತ್ರಿಯ ಕೈಯಲ್ಲಿಲ್ಲ. 2015ರ ಕ್ಲೀನ್ ಪವರ್ ಪ್ಲ್ಯಾನ್ ನಿಯಮ ಅಮೆರಿಕದ ವಿದ್ಯುತ್ ಸ್ಥಾವರಗಳ ಹೊರಸೂಸುವಿಕೆಯನ್ನು 2030ರೊಳಗೆ 2005ರ ಮಟ್ಟಕ್ಕಿಂತ ಶೇ 32 ಇಳಿಸಬೇಕು ಎಂದಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, 2019ರಲ್ಲಿ ಅದು ರದ್ದಾಯಿತು. ಒಂದು ದಿನವೂ ಜಾರಿಯಾಗಲಿಲ್ಲ. ಹಾಗಿದ್ದೂ ಅಗ್ಗದ ಗ್ಯಾಸ್, ಗಾಳಿ, ಸೌರದ ಬಲದಿಂದ ಅಲ್ಲಿನ ವಿದ್ಯುತ್ ಕ್ಷೇತ್ರ ಆ ಗುರಿಯನ್ನು ಸುಮಾರು ಹತ್ತು ವರ್ಷ ಮೊದಲೇ ಮುಟ್ಟಿತು. ಮಂತ್ರಿ ವೇಗ ಕೊಡಬಹುದು, ತಡ ಮಾಡಬಹುದು. ಬೆಲೆಯ ಲೆಕ್ಕ ತನ್ನ ಪಾಡಿಗೆ ನಡೆಯುತ್ತಿರುತ್ತದೆ.

ಹೆಜ್ಜೆ 8: ರಾಜೀನಾಮೆ ಬಂದಾಗ ಕಾರಣ ಓದಿ

2018ರ ಆಗಸ್ಟ್ 28ರಂದು ಫ್ರಾನ್ಸಿನ ಪರಿಸರ ಮಂತ್ರಿ ನಿಕೊಲಾ ಯುಲೊ ರೇಡಿಯೊ ನೇರಪ್ರಸಾರದಲ್ಲೇ ರಾಜೀನಾಮೆ ಘೋಷಿಸಿದರು. ಅಧ್ಯಕ್ಷರಿಗೂ ಮೊದಲೇ ಹೇಳಿರಲಿಲ್ಲ. ಜನಪ್ರಿಯರು, ಸಂಪುಟದಲ್ಲಿ ದೊಡ್ಡ ದರ್ಜೆ ಇದ್ದವರು. ಆದರೂ ತಾನು ಒಂಟಿ ಎಂದರು, ಅಧಿಕಾರದ ಕೊಠಡಿಯಲ್ಲಿ ಲಾಬಿ ನಡೆಸುವವರ ಹಾಜರಿಯ ಬಗ್ಗೆ ಹೇಳಿದರು. ದರ್ಜೆ ಇದ್ದೂ ಸಹಿ ಇಲ್ಲದಿದ್ದರೆ ಹೀಗಾಗುತ್ತದೆ.

ಬ್ರೆಜಿಲ್‌ನ ಮರೀನಾ ಸಿಲ್ವಾ ಅವರ ಕಥೆ ಇದಕ್ಕಿಂತ ಹೆಚ್ಚು ಕಲಿಸುತ್ತದೆ. 2003ರಲ್ಲಿ ಪರಿಸರ ಮಂತ್ರಿಯಾದರು. 2004ರಲ್ಲಿ ಅಮೆಜಾನ್ ಕಾಡುನಾಶ ತಡೆಯುವ ಯೋಜನೆ ಬಂತು. ಅದರಲ್ಲಿ 13 ಸಚಿವಾಲಯಗಳಿದ್ದವು. ಮೇಲುಸ್ತುವಾರಿ ಪರಿಸರ ಖಾತೆಯದಾಗಿರಲಿಲ್ಲ, ಅಧ್ಯಕ್ಷರ ಪಕ್ಕದ ಕಚೇರಿಯದಾಗಿತ್ತು. ಹಾಗಾಗಿ ಕೃಷಿ, ಸಾರಿಗೆ ಖಾತೆಗಳು ತಪ್ಪಿಸಿಕೊಳ್ಳುವುದು ಕಷ್ಟವಾಯಿತು. 2004ರಲ್ಲಿ ಸುಮಾರು 27,800 ಚದರ ಕಿ.ಮೀ. ಕಾಡು ಹೋಗಿತ್ತು. 2012ರಲ್ಲಿ ಅದು ಸುಮಾರು 4,600ಕ್ಕೆ ಇಳಿಯಿತು. ಸಿಲ್ವಾ 2008ರಲ್ಲೇ ರಾಜೀನಾಮೆ ಕೊಟ್ಟಿದ್ದರು. ಅವರು ಹೋದ ಮೇಲೂ ವ್ಯವಸ್ಥೆ ಕೆಲವು ವರ್ಷ ನಡೆಯಿತು. ಆಮೇಲೆ ಸರ್ಕಾರವೇ ಅದನ್ನು ಸಡಿಲ ಬಿಟ್ಟಾಗ 2021ರಲ್ಲಿ ಕಾಡುನಾಶ 13,000 ದಾಟಿತು. 2023ರಲ್ಲಿ ಅವರು ಅದೇ ಖಾತೆಗೆ ಮರಳಿದ ಮೇಲೆ ಮತ್ತೆ ಇಳಿಯಿತು. ಮಂತ್ರಿ ಬದಲಾದಾಗ ಅವರ ಜೊತೆ ಯಾವ ಸಮಿತಿ, ಯಾವ ಕಚೇರಿ ಹೋಯಿತು, ಯಾವುದು ಉಳಿಯಿತು ಎಂದು ನೋಡಿ.

ಹೆಜ್ಜೆ 9: ಕರಡು ಬಂದಾಗ ಬರೆಯಿರಿ

ಇಷ್ಟು ನೋಡಿದ ಮೇಲೆ ಸುಮ್ಮನೆ ಕೂರಬೇಕಿಲ್ಲ. ಹೊಸ ಮಂತ್ರಿ ನಿಯಮ ಬದಲಿಸಬೇಕಾದರೆ ಬಹುತೇಕ ಕಡೆ ಮೊದಲು ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕು. ಅಮೆರಿಕದಲ್ಲಿ ಸಾಮಾನ್ಯವಾಗಿ 30ರಿಂದ 60 ದಿನ. ಭಾರತದಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯಡಿಯ ಕರಡುಗಳಿಗೆ ಸಾಮಾನ್ಯವಾಗಿ 60 ದಿನ. ಪತ್ರ ಉದ್ದ ಇರಬೇಕಿಲ್ಲ. ಕರಡಿನ ಯಾವ ಸಂಖ್ಯೆಯ ಅಂಶದ ಬಗ್ಗೆ ಬರೆಯುತ್ತಿದ್ದೀರಿ ಎಂದು ಹೇಳಿ. ಅದರಿಂದ ಏನು ತೊಂದರೆ, ಬದಲಿಗೆ ಏನು ಬರೆಯಬೇಕು ಎಂದು ಎರಡು ಸಾಲು ಬರೆಯಿರಿ. ಇಲಾಖೆಯ ಸ್ವಂತ ಹಳೆಯ ವರದಿ ನಿಮ್ಮ ಮಾತಿಗೆ ಹೊಂದಿದರೆ ಅದನ್ನೇ ತೋರಿಸಿ. ಒಂದೇ ಒಕ್ಕಣೆಯ ಸಾವಿರ ಮಿಂಚಂಚೆಗಳಿಗಿಂತ ಇಂಥ ಒಂದು ಪತ್ರವನ್ನು ತಳ್ಳಿಹಾಕುವುದು ಕಷ್ಟ. ಅಮೆರಿಕದಲ್ಲಿ 2017ರ ನಂತರ ಅವಸರದಲ್ಲಿ ಬದಲಿಸಿದ ಹಲವು ನಿಯಮಗಳು ಕೋರ್ಟಿನಲ್ಲಿ ಬಿದ್ದವು. ಕಾರಣ ಸರಿಯಾಗಿ ಕೊಟ್ಟಿಲ್ಲ, ಕ್ರಮ ಪಾಲಿಸಿಲ್ಲ ಎಂಬುದೇ ಹಲವು ತೀರ್ಪುಗಳಲ್ಲಿ ಇದ್ದದ್ದು.

ಕರಡು ನಿಮ್ಮ ಭಾಷೆಯಲ್ಲಿ ಇಲ್ಲದಿದ್ದರೆ ಅದನ್ನೂ ಕೇಳಿ. 2020ರಲ್ಲಿ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬಂದಾಗ ಪರಿಸರ ಕಾರ್ಯಕರ್ತರೊಬ್ಬರು ದೆಹಲಿ ಹೈಕೋರ್ಟಿಗೆ ಹೋದರು. ಜೂನ್ 30ರಂದು ಕೋರ್ಟು ಎರಡು ಆದೇಶ ಕೊಟ್ಟಿತು. ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಕರಡನ್ನು ಅನುವಾದಿಸಬೇಕು, ಆಕ್ಷೇಪಣೆಯ ಗಡುವು ಆಗಸ್ಟ್ 11ರವರೆಗೆ ಇರಬೇಕು. ಲಕ್ಷಗಟ್ಟಲೆ ಪತ್ರಗಳು ಸಚಿವಾಲಯಕ್ಕೆ ಹೋದವು.